ಬೆಂಗಳೂರಿಗೆ ಬರಬೇಕಿದ್ದ ಕಾರು ಕಾರ್ಖಾನೆ

ಸಾಗರ, ಹೊಸನಗರ, ತೀರ್ಥಹಳ್ಳಿಯ ಏರು ರಸ್ತೆಗಳಲ್ಲಿ ಜೀಪು ಕಂಡರೆ ಅದು ಹೊರಗಿನದು ಅಂತ ನಮಗೆ ಅನ್ನಿಸುವುದೇ ಇಲ್ಲ. ಅಡಿಕೆ ಮೂಟೆಯಿಂದ ಮದುವೆ ದಿಬ್ಬಣದವರೆಗೆ ಎಲ್ಲವನ್ನೂ ಹೊತ್ತ ಗಾಡಿ ಅದು. ಆದರೆ ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧದಲ್ಲಿ, ಅಮೆರಿಕದ ಸೈನ್ಯಕ್ಕಾಗಿ. ನಮಗೆ ಜೀಪು ಕೊಟ್ಟ ಆ ಯುದ್ಧವೇ ನಮ್ಮ ರಾಜ್ಯಕ್ಕೆ ಬರಬೇಕಿದ್ದ ಕಾರು ಕಾರ್ಖಾನೆಗೂ ಅಡ್ಡ ಬಂತು.

ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಕಾರು ತಯಾರಿಕೆ ನೋಡಿಕೊಂಡು ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಯಾದರು. ಅಮೆರಿಕದ ಕ್ರೈಸ್ಲರ್ ಕಂಪನಿ ಸಹಕಾರಕ್ಕೆ ಒಪ್ಪಿತು. ಬೆಂಗಳೂರಿನಲ್ಲಿ ಕಾರ್ಖಾನೆ ಮಾಡಲು ಮೈಸೂರು ಸರ್ಕಾರವೂ ಮುಂದೆ ಬಂತು. ಭದ್ರಾವತಿಯಲ್ಲಿ ಕಬ್ಬಿಣವಿತ್ತು, ಶಿವನಸಮುದ್ರದಿಂದ ವಿದ್ಯುತ್ ಇತ್ತು. ಇಲ್ಲದೆ ಇದ್ದದ್ದು ಬ್ರಿಟಿಷ್ ಸರ್ಕಾರದ ಒಪ್ಪಿಗೆ ಮಾತ್ರ. ಯುದ್ಧದ ಹೊತ್ತಲ್ಲಿ ಕಾರು ಅವರಿಗೆ ಬೇಕಿರಲಿಲ್ಲ. ವಿಮಾನ ಬೇಕಿತ್ತು. 1940ರ ಡಿಸೆಂಬರ್‌ನಲ್ಲಿ ಅದೇ ವಾಲ್‌ಚಂದ್, ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ, ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಇಂದಿನ ಎಚ್‌ಎಎಲ್ ಬೆಳೆದದ್ದು ಅದರಿಂದಲೇ.

ಅಮೆರಿಕದಲ್ಲೂ 1942ರ ಫೆಬ್ರುವರಿಯಲ್ಲಿ ಜನಸಾಮಾನ್ಯರ ಕಾರು ತಯಾರಿಕೆ ನಿಂತು, ಕಾರ್ಖಾನೆಗಳು ಟ್ಯಾಂಕು, ವಿಮಾನ, ಸೈನ್ಯದ ಲಾರಿಗಳ ಕಡೆ ತಿರುಗಿದವು. ಇಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಿದವು.

1945ರ ಜುಲೈನಲ್ಲಿ ಫೋರ್ಡ್ ಕಾರ್ಖಾನೆಯಿಂದ ಮತ್ತೆ ಮನೆಮಂದಿಯ ಕಾರು ಹೊರಬಂತು. ಹೊಸದು ಎಂದು ಮಾರಿದ 1946ರ ಕಾರುಗಳಲ್ಲಿ ಹೆಚ್ಚಿನವು 1942ರ ಮಾದರಿಗಳೇ, ಅಲ್ಲಿಲ್ಲಿ ಅಲಂಕಾರ ಬದಲಿಸಿದವು. ಆದರೂ ಜನ ಮುಗಿಬಿದ್ದು ಕೊಂಡರು. ಮೂರು ವರ್ಷ ಕಾರೇ ಇರಲಿಲ್ಲವಲ್ಲ!

ಕ್ರೈಸ್ಲರ್ ಕಾರಿನ ಬಿಡಿಭಾಗಗಳು ಭಾರತಕ್ಕೂ ಬಂದವು. ಆದರೆ ಇಳಿದದ್ದು ಮುಂಬೈಯಲ್ಲಿ. ವಾಲ್‌ಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಕಂಪನಿ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್ ಕಾರುಗಳನ್ನು ಜೋಡಿಸಿತು. ಜೀಪು ಜೋಡಿಸಿದ ಮಹೀಂದ್ರಾ ಕೂಡ ಮುಂಬೈಯದೇ.

ಬೆಂಗಳೂರಿಗೆ ವಿಮಾನ ಕಾರ್ಖಾನೆ ಸಿಕ್ಕಿದ್ದು ಸಣ್ಣ ಮಾತಲ್ಲ. ಸಾವಿರಾರು ಮನೆಗಳಿಗೆ ಅದು ಅನ್ನ ಕೊಟ್ಟಿದೆ. ಆದರೂ ಒಂದು ಮಾತು ನೆನಪಿಡಬೇಕು. ಯೋಜನೆ ನಮ್ಮವರದು, ಜಾಗ ನಮ್ಮದು, ಆದರೆ ಬೇಕು-ಬೇಡ ಅನ್ನುವ ಅಧಿಕಾರ ನಮ್ಮ ಕೈಲಿರಲಿಲ್ಲ. ಇವತ್ತೂ ನಮ್ಮ ತಾಲ್ಲೂಕುಗಳಿಗೆ ಏನಾದರೂ ಬರುತ್ತದೆ ಅಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಅದೇ: ತೀರ್ಮಾನ ಮಾಡುವವರು ಯಾರು?

ಇದ್ದಿಲು ಬಸ್ಸಿನ ಕಥೆ ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದರೆ ನಮಗೆ ಬರೆದು ಕಳಿಸಿ.