ಹಾಡಿದವರ ಹೆಸರು

ಹಳೆಯ ಗ್ರಾಮೋಫೋನ್ ತಟ್ಟೆಗಳಲ್ಲಿ ಒಂದು ಪದ್ಧತಿ ಇತ್ತು. ಹಾಡು ಮುಗಿಯುತ್ತಲೇ ಹಾಡಿದಾಕೆ ತನ್ನ ಹೆಸರನ್ನು ತಾನೇ ಹೇಳಿಬಿಡುತ್ತಿದ್ದಳು. 1902ರ ನವೆಂಬರಿನಲ್ಲಿ ಗ್ರಾಮೋಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಧ್ವನಿಮುದ್ರಣ ನಡೆಸಿದಾಗ ಗೌಹರ್ ಜಾನ್ ಹಾಡಿದ್ದು ಹೀಗೆಯೇ. ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿ ನಿಲ್ಲಿಸುತ್ತಿದ್ದರು. ಅದು ಜಂಬವಲ್ಲ. ತಟ್ಟೆ ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ನಮ್ಮ ಭಾಷೆ ಬಾರದು. ಚೀಟಿ ಅದಲುಬದಲಾಗದಿರಲೆಂದು ಈ ಏರ್ಪಾಡು. ಅದೇ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ಬಂದರು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ನನಗೆ ಇದೆಲ್ಲ ನೆನಪಾದದ್ದು ಅತ್ತೆಯವರ ಕ್ಯಾಸೆಟ್ ಟ್ರಂಕಿನಿಂದ. ಚನ್ನಪಟ್ಟಣದ ನಮ್ಮ ಮನೆಯ ಅಟ್ಟದ ಮೇಲಿದ್ದ ಅದನ್ನು ಹೋದ ಬೇಸಿಗೆಯಲ್ಲಿ ಇಳಿಸಿ, ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಲು ಕೂತೆ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು. ಸಾರಿಗೆ ಒಗ್ಗರಣೆ ಹಾಕಿ ಬಂದು ಮಗ್ಗುಲು ತಿರುಗಿಸಿದರಾಯಿತು. ಕಷ್ಟವೆಲ್ಲ ಹೆಸರು ಬರೆಯುವುದರಲ್ಲಿ.

ಪ್ರತಿ ಹಾಡಿನ ಜೊತೆಗೂ ಕಂಪ್ಯೂಟರು ಒಂದು ಚೀಟಿ ಇಟ್ಟುಕೊಳ್ಳುತ್ತದೆ, ಟ್ಯಾಗ್ ಎನ್ನುತ್ತಾರೆ. 1996ರಲ್ಲಿ ಎರಿಕ್ ಕೆಂಪ್ ಎಂಬಾತ ಎಂಪಿ3 ಹಾಡುಗಳಿಗೆ ಅದನ್ನು ಅಂಟಿಸಿದಾಗ ಅದರ ಅಳತೆ ಬರೀ 128 ಬೈಟು, ಜಾಗ ಹಾಡಿನ ಬಾಲದಲ್ಲಿ. ಗೌಹರ್ ಜಾನ್ ಹೆಸರು ಹೇಳುತ್ತಿದ್ದ ಜಾಗವೇ, ನೋಡಿ! ಹಾಡಿನ ಹೆಸರಿಗೆ 30 ಅಕ್ಷರ, ಹಾಡಿದವರಿಗೆ 30. ಕನ್ನಡ ಲಿಪಿಗೆ ಎಡೆಯಿಲ್ಲ. ಹಾಡಿನ ಬಗೆ ಗುರುತಿಸಲು 80 ಹೆಸರಿನ ಪಟ್ಟಿಯಿತ್ತು. ಯುರೋಪಿನ ಪೋಲ್ಕಾ ಕುಣಿತ ಅದರಲ್ಲಿತ್ತು, ಜನಪದ ಇರಲಿಲ್ಲ, ಆಮೇಲೆ ಸೇರಿಸಿದರು. 1998ರಲ್ಲಿ ಬಂದ ಹೊಸ ಚೀಟಿ ಹಾಡಿನ ತಲೆಗೇರಿತು, ಅದರಲ್ಲಿ ಕನ್ನಡವೂ ಹಿಡಿಸಿತು.

ಅಂಗಡಿಯಿಂದ ತಂದ ಕ್ಯಾಸೆಟ್ಟುಗಳದು ದೊಡ್ಡ ತೊಂದರೆಯಲ್ಲ. 1978ರ 'ನಿತ್ಯೋತ್ಸವ'ಕ್ಕೆ ಕವಿ ನಿಸಾರ್ ಅಹಮದ್, ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. 'ಕಲಾವಿದ' ಎಂಬ ಒಂದೇ ಮನೆಯಲ್ಲಿ ಯಾರನ್ನು ಕೂರಿಸುವುದೆಂದು ಜಗಳವಾಡಬಹುದು, ಹೆಸರೇ ಇಲ್ಲ ಎನ್ನುವಂತಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಕ್ಯಾಸೆಟ್ಟು. 1986ರಲ್ಲಿ ಮಾಗಡಿ ಕಡೆಯ ಹಳ್ಳಿಯಲ್ಲಿ, ಅತ್ತೆಯವರ ತವರಿನಲ್ಲಿ ನಡೆದ ಮದುವೆಯದು. ಚಪ್ಪರದಡಿ ಹೆಂಗಸರು ಸೋಬಾನೆ ಹೇಳುತ್ತಿದ್ದಾರೆ. ಒಬ್ಬಾಕೆ ಸೊಲ್ಲೆತ್ತಿದರೆ ನಾಲ್ವರು ಹಿಂದಿನಿಂದ ಹಿಡಿಯುತ್ತಾರೆ. ನಡುವೆ ಮಗುವಿನ ಅಳು, ಪಾತ್ರೆಯ ಸದ್ದು. ಮೇಲಿನ ಕಾಗದದಲ್ಲಿ ಗಂಡಿನ ಹೆಸರಿದೆ, ಹೆಣ್ಣಿನ ತಂದೆಯ ಹೆಸರಿದೆ, ಟೇಪ್ ರೆಕಾರ್ಡರ್ ತಂದವರ ಹೆಸರೂ ಇದೆ. ಹಾಡಿದವರದು ಇಲ್ಲ.

ಜನಪದ ಹಾಡು ಸಂಗ್ರಹಿಸುವವರಲ್ಲಿ ಒಂದು ಕಟ್ಟಳೆಯಿದೆ. ಹಾಡು ಕೊಟ್ಟವರನ್ನು ವಕ್ತೃ ಎಂದು ಕರೆದು, ಅವರ ಹೆಸರು, ವಯಸ್ಸು, ಊರು ಬರೆದುಕೊಳ್ಳಬೇಕು. ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ತೆರೆದರಲ್ಲ, ಅಲ್ಲಿ ಒನಕೆ ಮೊರ ನೋಡಿಕೊಂಡು ಬರುವ ನಾವು ಧ್ವನಿಮುದ್ರಣದ ಸಂಗ್ರಹವೂ ಇದೆಯೆಂಬುದನ್ನು ಮರೆಯುತ್ತೇವೆ. ನಾನೂ ಆ ಕಟ್ಟಳೆಯನ್ನೇ ಹಿಡಿದು ಕನಕಪುರದ ಚಿಕ್ಕತ್ತೆಯ ಮನೆಗೆ ಹೋದೆ. ಅತ್ತೆಯವರ ತಂಗಿ, ಎಂಬತ್ತು ದಾಟಿದೆ. ಮೊಬೈಲಿನಲ್ಲಿ ಹಾಡು ಹಾಕಿದೆ.

"ಸೊಲ್ಲೆತ್ತಿರೋಳು ಮೇಗಲಮನೆ ಹಿರಿ ಸೊಸೆ ಕಣವ್ವ."

"ಹೆಸರೇನು ಚಿಕ್ಕತ್ತೆ?"

"ಹೆಸರಿಡಿದು ಯಾರು ಕರೀತಿದ್ರು? ಕುಣಿಗಲ್ಲೋಳು ಅಂತಿದ್ವಿ."

ಎರಡನೆಯ ದನಿ ಪೂಜಾರಿ ಮನೆ ಅತ್ತಿಗೆಯದಂತೆ, ಮೂರನೆಯದು ಸೂಲಗಿತ್ತಿಯದು. ನಾಲ್ಕನೆಯದು ಗುರುತು ಸಿಗಲಿಲ್ಲ. ಐದನೆಯದು ಬಂದಾಗ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅದು ಅವರದೇ! ನಾನು ಸೊಸೆಯಾಗಿ ಬಂದು ಮೂವತ್ತು ವರ್ಷವಾದರೂ ಅವರ ಹೆಸರು ಕೇಳಿದ್ದು ಅಂದೇ. ಚೀಟಿಗೆ ಬರೆದುಕೋ, ಪುಸ್ತಕಕ್ಕೆ ಹಾಕಬೇಡ ಎಂದಿದ್ದಾರೆ. ಹಾಗಾಗಿ ಇಲ್ಲಿ ಬರೆದಿಲ್ಲ.

ಕುಣಿಗಲ್ಲಿನಾಕೆಯ ಹೆಸರು ಹಳೆಯ ರೇಷನ್ ಕಾರ್ಡಿನಲ್ಲಿ ಸಿಕ್ಕಿತು; ಮೊಮ್ಮಗ ಫೋನಿನಲ್ಲಿ ಓದಿ ಹೇಳಿದ. ಉಳಿದಿರುವುದು ಮೂರು. ಇಬ್ಬರಿಗೆ ಸದ್ಯಕ್ಕೆ ಊರಿನವರು ಕರೆಯುತ್ತಿದ್ದಂತೆಯೇ ಬರೆದು, ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದ್ದೇನೆ. ಮಾಗಡಿ ಜಾತ್ರೆಗೆ ಹೋಗುವ ನೆಂಟರ ಮೊಬೈಲಿಗೂ ಆ ಹಾಡು ಕಳಿಸಿದ್ದೇನೆ, ನಾಲ್ಕನೆಯ ದನಿಯನ್ನು ಅಲ್ಲಿ ಯಾರಾದರೂ ಹಿಡಿದಾರು.