ಬೀಗದ ಕೈ ಒಂದು, ತಂಗುಮನೆ ನೂರಾರು

ನಾರ್ವೆಯ ಬೆಟ್ಟಗಳಲ್ಲಿ ನಾಲ್ಕೈದು ದಿನ ನಡೆಯಲು ಹೊರಟವರ ಬೆನ್ನಚೀಲ ಬಿಚ್ಚಿ ನೋಡಿದರೆ ಎಷ್ಟೋ ಸಲ ಅದರಲ್ಲಿ ಟೆಂಟ್ ಇರುವುದಿಲ್ಲ, ಸ್ಟವ್ ಇರುವುದಿಲ್ಲ. ಐದು ದಿನದ ಊಟದ ಸಾಮಾನಂತೂ ಇರುವುದೇ ಇಲ್ಲ. ಉಣ್ಣೆಯ ಒಳಂಗಿ, ಮಳೆಯಂಗಿ, ಹಾಸಿಗೆಯ ಮೇಲೆ ಬಳಸಲು ತೆಳು ಬಟ್ಟೆಯ ಮಲಗುವ ಚೀಲ, ಮ್ಯಾಪ್, ದಿಕ್ಸೂಚಿ, ಮಧ್ಯಾಹ್ನಕ್ಕೆ ಬ್ರೆಡ್ಡು. ಇವುಗಳ ಜೊತೆಗೆ ಒಂದು ಬೀಗದ ಕೈ.

ಆ ಬೀಗದ ಕೈಯದ್ದೇ ಕಥೆ. ನಾರ್ವೆಯ ಟ್ರೆಕ್ಕಿಂಗ್ ಸಂಘಕ್ಕೆ (ಅಲ್ಲಿಯವರು ಅದನ್ನು ಡಿಎನ್‌ಟಿ ಎನ್ನುತ್ತಾರೆ) ಸದಸ್ಯರಾಗಿ ಠೇವಣಿ ಇಟ್ಟರೆ ಒಂದು ಕೀ ಕೊಡುತ್ತಾರೆ. ಸಂಘದ 550ಕ್ಕೂ ಹೆಚ್ಚು ತಂಗುಮನೆಗಳಲ್ಲಿ ಬೀಗ ಹಾಕಿರುವ ಬಹುತೇಕ ಎಲ್ಲವನ್ನೂ ಅದೇ ಒಂದು ಕೀ ತೆರೆಯುತ್ತದೆ. ಕೆಲವು ಮನೆಗಳಲ್ಲಿ ಸಿಬ್ಬಂದಿ ಇದ್ದಾರೆ, ಬಿಸಿ ಊಟ ಸಿಗುತ್ತದೆ. ಕೆಲವದರಲ್ಲಿ ಯಾರೂ ಇಲ್ಲ, ಆದರೆ ಕಪಾಟಿನ ತುಂಬ ಡಬ್ಬಿ ಆಹಾರ, ಓಟ್ಸ್, ಕಾಫಿಪುಡಿ, ಮೂಲೆಯಲ್ಲಿ ಒಣ ಸೌದೆ. ಬೇಕಾದ್ದು ತೆಗೆದುಕೊಂಡು, ಎಷ್ಟು ತೆಗೆದುಕೊಂಡೆವು ಎಂದು ಬರೆದು, ಹಣ ಕಟ್ಟಿ ಹೋಗಬೇಕು. ಹಿಂದೆ ಲಕೋಟೆಯಲ್ಲಿ ಹಾಕಿ ಗೋಡೆಯ ಕಬ್ಬಿಣದ ಪೆಟ್ಟಿಗೆಗೆ ಇಳಿಬಿಡುತ್ತಿದ್ದರು, ಈಗ ಮೊಬೈಲ್‌ನಲ್ಲಿ ಕಟ್ಟುತ್ತಾರೆ. ಕಾವಲಿಗೆ ಯಾರೂ ಇರುವುದಿಲ್ಲ.

ಇದನ್ನು ಕೇಳಿದ ತಕ್ಷಣ "ಅಲ್ಲಿನ ಜನ ಪ್ರಾಮಾಣಿಕರು, ನಮ್ಮಲ್ಲಿ ಇದೆಲ್ಲ ನಡೆಯಲ್ಲ" ಎಂದುಬಿಡುವುದು ಸುಲಭ. ಈ ವಿವರಣೆ ನನಗೆ ಸೋಮಾರಿತನದ್ದು ಅನಿಸುತ್ತದೆ. ಜನರ ಗುಣದಿಂದ ಗೋಡೆ ಏಳುವುದಿಲ್ಲ, ಸೌದೆ ಒಣಗುವುದಿಲ್ಲ. ಈ ವ್ಯವಸ್ಥೆ ಹುಟ್ಟಿ ಬೆಳೆಯಲು ನೂರೈವತ್ತು ವರ್ಷ ಬೇಕಾಯಿತು. ಅದರ ಹಿಂದೆ ಬ್ಯಾಂಕರ್‌ಗಳಿದ್ದಾರೆ, ರೈತರಿದ್ದಾರೆ, ರೈಲಿದೆ, ರಜೆಯ ಕಾನೂನಿದೆ, ಸಾವುಗಳೂ ಇವೆ.

ಮೊದಲನೆಯದಾಗಿ, ದಾರಿಗಳನ್ನು ಮಾಡಿದವರು ಟ್ರೆಕ್ಕಿಂಗ್‌ನವರಲ್ಲ. ನಾರ್ವೆಯ ಬೆಟ್ಟಗಳಲ್ಲಿ ಇಂದಿಗೂ ಕಲ್ಲು ಜೋಡಿಸಿದ ಹಳ್ಳಗಳು ಕಾಣಸಿಗುತ್ತವೆ. ಅವು ಹಿಮಸಾರಂಗಗಳನ್ನು ಬೀಳಿಸಿ ಹಿಡಿಯಲು ಬೇಟೆಗಾರರು ತೋಡಿದ ಗುಂಡಿಗಳು. ಹರ್ಡಾಂಗರ್‌ವಿಡ್ಡಾ ಎಂಬ ವಿಶಾಲ ಪ್ರಸ್ಥಭೂಮಿಯನ್ನು ದಾಟಿ ಪೂರ್ವ ಪಶ್ಚಿಮ ನಾರ್ವೆಯನ್ನು ಕೂಡಿಸುವ ದಾರಿಗಳಲ್ಲಿ ವ್ಯಾಪಾರಿಗಳೂ ದನ ಹೊಡೆದುಕೊಂಡು ಹೋಗುವವರೂ ಶತಮಾನಗಳ ಕಾಲ ನಡೆದಿದ್ದಾರೆ. ಡೋವ್ರೆ ಬೆಟ್ಟ ದಾಟಿ ಟ್ರಾಂಡೈಮ್‌ನ ಸಂತ ಓಲಾವ್‌ನ ಸಮಾಧಿಗೆ ಹೋಗುತ್ತಿದ್ದ ಯಾತ್ರಿಕರಿಗಾಗಿ 12ನೇ ಶತಮಾನದ ಆರಂಭದಲ್ಲಿ ರಾಜ ಐಸ್ಟೈನ್ ತಂಗುಮನೆ ಕಟ್ಟಿಸಿದ ಎಂಬ ನಂಬಿಕೆ ಇದೆ. ಬೆಟ್ಟದಲ್ಲಿ ಹಿಮಗಾಳಿಗೆ ಸಿಕ್ಕವನಿಗೆ ಸೂರು ಕೊಡಬೇಕು ಎಂಬ ವಿಚಾರ ಪ್ರವಾಸೋದ್ಯಮಕ್ಕಿಂತ ಏಳೆಂಟು ನೂರು ವರ್ಷ ಹಳೆಯದು.

ಇನ್ನೊಂದು ಪದರವೂ ಇದೆ. ಹಳ್ಳಿಯಲ್ಲಿ ಬೆಳೆದವರಿಗೆ ಅದು ಬೇಗ ಅರ್ಥವಾಗುತ್ತದೆ. ಕಣಿವೆಯಲ್ಲಿ ಹೊಲ ಕಡಿಮೆ, ಚಳಿಗಾಲ ಉದ್ದ. ಹಾಗಾಗಿ ಬೇಸಿಗೆ ಬಂತೆಂದರೆ ದನ, ಆಡುಗಳನ್ನು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಅಟ್ಟಿ, ಕೆಳಗಿನ ಹುಲ್ಲನ್ನು ಕೊಯ್ದು ಚಳಿಗಾಲಕ್ಕೆ ಒಣಗಿಸುತ್ತಿದ್ದರು. ಮೇಲಿನ ಆ ಬೇಸಿಗೆ ಹಟ್ಟಿಗೆ ಸೇಟರ್ ಎಂದು ಹೆಸರು. ಅಲ್ಲಿ ಇರುತ್ತಿದ್ದವರು ಹೆಚ್ಚಾಗಿ ಹೆಂಗಸರು, ಹುಡುಗಿಯರು. ಹಾಲು ಕರೆದು, ಬೆಣ್ಣೆ ಕಡೆದು, ಗಿಣ್ಣು ಮಾಡಿ ಕೆಳಗೆ ಕಳಿಸುವುದು ಅವರ ಕೆಲಸ. ಪೇಟೆಯ ಪ್ರವಾಸಿಗರು ಬೆಟ್ಟಕ್ಕೆ ಬಂದಾಗ ಮೊದಲು ಮಲಗಿದ್ದು ಇಂಥ ಹಟ್ಟಿಗಳಲ್ಲಿ, ಮೊದಲು ಕುಡಿದದ್ದು ಆ ಹೆಂಗಸರು ಕೊಟ್ಟ ಹಾಲನ್ನು. ಇಂದು ಪ್ರಸಿದ್ಧವಾದ ಹಲವು ತಂಗುಮನೆಗಳು ಹಿಂದೆ ಸೇಟರ್‌ಗಳೇ. ಯೋಟುನ್‌ಹೈಮೆನ್ ಬೆಟ್ಟಗಳಲ್ಲಿರುವ ಸ್ಪಿಟರ್‌ಸ್ಟೂಲೆನ್ ಹಾಗೆ ಹುಟ್ಟಿದ್ದು. ಅದು ಸಂಘದ್ದಲ್ಲ, ರೈತ ಕುಟುಂಬದ್ದೇ.

ಯೋಟುನ್‌ಹೈಮೆನ್ ಎಂಬ ಹೆಸರೇ ಹೊಸದು. 1820ರಲ್ಲಿ ಭೂವಿಜ್ಞಾನದ ವಿದ್ಯಾರ್ಥಿ ಬಾಲ್ತಜಾರ್ ಕೈಲ್ಹಾವ್ ಅಲ್ಲಿ ಸುತ್ತಾಡಿ ಬಂದು "ದೈತ್ಯರ ಬೆಟ್ಟಗಳು" ಎಂಬರ್ಥದ ಹೆಸರು ಕೊಟ್ಟ. 1862ರಲ್ಲಿ ಕವಿ, ಪತ್ರಕರ್ತ ಓಸ್ಮುಂಡ್ ವಿನ್ಯೆ ಅದನ್ನು "ದೈತ್ಯರ ಮನೆ" ಮಾಡಿದ. ಹಳೆಯ ಪುರಾಣದಿಂದ ಎತ್ತಿಕೊಂಡ ಆ ಹೆಸರೇ ನಿಂತಿತು. ಆಗ ನಾರ್ವೆ ಸ್ವೀಡನ್ ರಾಜನ ಕೆಳಗಿತ್ತು. ತಮ್ಮದೇ ದೇಶ, ತಮ್ಮದೇ ಭಾಷೆ ಎಂದು ಹುಡುಕುತ್ತಿದ್ದ ಓದಿದ ಜನಕ್ಕೆ ಬೆಟ್ಟಗಳು ಕಂಡವು. ಬೆಟ್ಟದಲ್ಲೇ ಬದುಕುತ್ತಿದ್ದವರಿಗೆ ಅವು ಮೊದಲೇ ಗೊತ್ತಿದ್ದವು, ಹುಲ್ಲು ಮತ್ತು ಬೇಟೆಯ ಜಾಗವಾಗಿ.

1868ರ ಜನವರಿ 21ರಂದು ಈಗಿನ ಓಸ್ಲೋದಲ್ಲಿ ಸಂಘ ಹುಟ್ಟಿತು. ಮುಂದಾಳು ಥಾಮಸ್ ಹೆಫ್ಟೆ ಎಂಬ ಬ್ಯಾಂಕರ್. ಅದೇ ವರ್ಷ ಟೆಲೆಮಾರ್ಕ್ ಜಿಲ್ಲೆಯ ರ‍್ಯೂಕಾನ್ ಜಲಪಾತದ ಎದುರಿಗೆ ಕ್ರೋಕಾನ್ ಎಂಬಲ್ಲಿ ಸಂಘದ ಮೊದಲ ತಂಗುಮನೆ ಬಂತು. ಉದ್ದೇಶ ಇಷ್ಟೇ: ಜಲಪಾತ ನೋಡಲು ಬಂದವರಿಗೆ ರಾತ್ರಿ ಉಳಿಯಲು ಜಾಗ ಬೇಕು. ರ‍್ಯೂಕಾನ್ ಎಂದರೆ ಹೊಗೆಯಾಡುವುದು. 104 ಮೀಟರ್ ನೇರ ಬೀಳುವ ನೀರಿನ ತುಂತುರಿನಿಂದ ಬಂದ ಹೆಸರು ಅದು.

ಆ ಜಲಪಾತದ ಗತಿಯನ್ನೂ ಹೇಳಿಬಿಡಬೇಕು. 1905ರಲ್ಲಿ ನಾರ್ಸ್ಕ್ ಹೈಡ್ರೋ ಕಂಪನಿ ಹುಟ್ಟಿತು. ಗಾಳಿಯ ಸಾರಜನಕದಿಂದ ಗೊಬ್ಬರ ಮಾಡಲು ಅದಕ್ಕೆ ಅಪಾರ ವಿದ್ಯುತ್ ಬೇಕಿತ್ತು. 1911ರಲ್ಲಿ ವೆಮೊರ್ಕ್ ವಿದ್ಯುದಾಗಾರ ಶುರುವಾಯಿತು. ಆ ಹೊತ್ತಿಗೆ ಅದು ಜಗತ್ತಿನಲ್ಲೇ ದೊಡ್ಡದು. ನದಿ ಪೈಪುಗಳೊಳಗೆ ಹೋಯಿತು. ಇಂದು ನೀರು ಬಿಟ್ಟಾಗ ಮಾತ್ರ ರ‍್ಯೂಕಾನ್ ಹೊಗೆಯಾಡುತ್ತದೆ. ಜಲಪಾತ ತೋರಿಸಲೆಂದು ಮೊದಲ ಮನೆ ತೆರೆದ ಸಂಘ ಐವತ್ತು ವರ್ಷ ತುಂಬುವ ಮೊದಲೇ ಅದನ್ನು ಕಳೆದುಕೊಂಡಿತು. ಸಂಘಕ್ಕೆ ಬೆಟ್ಟವೆಂದರೆ ನೋಡುವ ವಸ್ತು ಮಾತ್ರವಲ್ಲ, ಅದರ ಮೇಲೆ ಬೇರೆಯವರ ಕಣ್ಣೂ ಇದೆ ಎಂಬ ಪಾಠ ಇಷ್ಟು ಬೇಗ ಸಿಕ್ಕಿತು.

1871ರಲ್ಲಿ ಯೆಂಡೆ ಸರೋವರದ ತುದಿಯಲ್ಲಿ ಯೆಂಡೆಬು ಕಟ್ಟಿದರು. ಸಂಘದ ತಂಗುಮನೆಗಳಲ್ಲಿ ಇಂದಿಗೂ ನಡೆಯುತ್ತಿರುವ ಅತಿ ಹಳೆಯದು ಇದೇ. 1878ರಲ್ಲಿ ಸರೋವರದ ಇನ್ನೊಂದು ತುದಿಗೆ ಯೆಂಡೆಸ್‌ಹೈಮ್ ಬಂತು. ಎರಡರ ನಡುವೆ ಮೆಮುರುಬು. ಇವತ್ತು ಹೊಸಬರಿಗೆ ಹೇಳುವ ಮೊದಲ ನಡಿಗೆಯೂ ಈ ಮೂರು ಮನೆಗಳದ್ದೇ. ನೋಡಿ, ಯೋಜನೆಯ ಗಣಿತ ಆಗಲೇ ಶುರುವಾಗಿತ್ತು. ಒಬ್ಬ ಮನುಷ್ಯ ಒಂದು ದಿನದಲ್ಲಿ ಎಷ್ಟು ನಡೆಯಬಲ್ಲ ಎಂಬ ಲೆಕ್ಕದ ಮೇಲೆ ಮನೆಗಳ ಅಂತರ ನಿಂತಿದೆ. ಸಂಘ ತೊರೆಗಳಿಗೆ ಸೇತುವೆ ಹಾಕಿಸಿತು, ದಾರಿ ತೋರುವ ಕಲ್ಲುಗುಪ್ಪೆ ಕಟ್ಟಿಸಿತು, ಮೊದಲ ವರ್ಷದಿಂದಲೇ ವಾರ್ಷಿಕ ಪುಸ್ತಕ ಹೊರತಂದು ಬೆಟ್ಟದ ಸುದ್ದಿಯನ್ನು ಸದಸ್ಯರಿಗೆ ಮುಟ್ಟಿಸಿತು.

ಆದರೆ ಈ ಬೆಟ್ಟ ಯಾರದ್ದಾಗಿತ್ತು? ಆರಂಭದಲ್ಲಿ ಪ್ರೊಫೆಸರ್‌ಗಳದ್ದು, ಅಧಿಕಾರಿಗಳದ್ದು, ಇಂಗ್ಲೆಂಡಿನಿಂದ ಬಂದ ಹಣವಂತರದ್ದು. 1876ರ ಜುಲೈನಲ್ಲಿ ಇಂಗ್ಲಿಷ್ ಆರೋಹಿ ವಿಲಿಯಂ ಸೆಸಿಲ್ ಸ್ಲಿಂಗ್ಸ್‌ಬಿ 2405 ಮೀಟರ್ ಎತ್ತರದ ಸ್ಟೋರೆ ಸ್ಕಾಗಸ್ಟೋಲ್ಸ್‌ಟಿಂಡ್ ಶಿಖರ ಏರಿದ. ಜೊತೆಗಿದ್ದ ನಾರ್ವೆಯ ಇಬ್ಬರು, ಎಮಾನುಯೆಲ್ ಮೋನ್ ಮತ್ತು ಕ್ನುಟ್ ಲ್ಯೂಕೆ, ತುದಿಗೆ ಸ್ವಲ್ಪ ಕೆಳಗೆ ನಿಂತುಬಿಟ್ಟರು. ಪುಸ್ತಕಗಳಲ್ಲಿ ಸ್ಲಿಂಗ್ಸ್‌ಬಿ ದೊಡ್ಡ ಅಕ್ಷರದಲ್ಲಿ ಉಳಿದ. ಊರಿನವರಿಗೆ ಸಿಕ್ಕಿದ್ದು ಹೊಸ ಕಸುಬು. ಮಾರ್ಗದರ್ಶಿ, ದೋಣಿಯವನು, ಕುದುರೆಯವನು. ಕೆಲವರು ಅದನ್ನು ಜಾಣತನದಿಂದ ಬಳಸಿಕೊಂಡರು. ದೇಶದ ಅತಿ ಎತ್ತರದ ಗಾಲ್ಡ್‌ಹೊಪಿಗ್ಗೆನ್ (2469 ಮೀಟರ್) ದಾರಿಯಲ್ಲಿ ಕ್ನುಟ್ ವೋಲೆ ಎಂಬ ಊರಿನ ಮಾರ್ಗದರ್ಶಿ 1884ರಲ್ಲಿ ಯೂವಾಸ್‌ಹ್ಯೂಟ್ಟಾ ಎಂಬ ತಂಗುಮನೆ ಕಟ್ಟಿದ. ಸಂಘವನ್ನು ಕಾಯದೆ ತಾನೇ ಕಟ್ಟಿದವನು ಅವನು.

ಬೆಟ್ಟ ಎಲ್ಲರದ್ದಾಗಿದ್ದು ಪ್ರಚಾರದಿಂದಲ್ಲ. 1909ರಲ್ಲಿ ಬರ್ಗನ್ ರೈಲು ಮಾರ್ಗ ಪೂರ್ತಿ ತೆರೆಯಿತು. 1222 ಮೀಟರ್ ಎತ್ತರದ ಫಿನ್ಸೆ ನಿಲ್ದಾಣದಲ್ಲಿ ಇಳಿದರೆ ನೇರ ಪ್ರಸ್ಥಭೂಮಿಗೆ ಕಾಲಿಟ್ಟಂತೆ. ರೈಲು ದೂರವನ್ನು ಕಡಿಮೆ ಮಾಡಿತು, ಬಿಡುವನ್ನು ಕೊಡಲಿಲ್ಲ. ಅದು ಸಿಕ್ಕಿದ್ದು ಕಾರ್ಮಿಕರ ಹೋರಾಟದಿಂದ: 1919ರಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸದ ಕಾನೂನು, 1947ರಲ್ಲಿ ಮೂರು ವಾರ ಸಂಬಳ ಸಹಿತ ರಜೆ. ಕಾರ್ಖಾನೆಯಲ್ಲಿ ದುಡಿಯುವವನಿಗೆ ಐದು ದಿನ ಸತತ ಬಿಡುವಿಲ್ಲದಿದ್ದರೆ ಬೆಟ್ಟದಲ್ಲಿ ಎಷ್ಟು ತಂಗುಮನೆ ಇದ್ದರೇನು. ಪ್ರವಾಸದ ಇತಿಹಾಸ ಬರೆಯುವವರು ಶಿಖರಗಳ ಬಗ್ಗೆ ಪುಟಗಟ್ಟಲೆ ಬರೆದು ರಜೆಯ ಕಾನೂನನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನ್ನನ್ನು ಕೇಳಿದರೆ ಅಳತೆ ತಿರುಗುಮುರುಗಾಗಬೇಕು.

ಮೂರನೆಯದು 1957ರ ಹೊರಾಂಗಣ ಬದುಕಿನ ಕಾನೂನು. ಬೇಸಾಯ ಮಾಡದ ಬಯಲು, ಕಾಡು, ಬೆಟ್ಟದಲ್ಲಿ, ಮಾಲೀಕರು ಯಾರೇ ಇರಲಿ, ಯಾರು ಬೇಕಾದರೂ ಕಾಲ್ನಡಿಗೆಯಲ್ಲಿ ಹೋಗಬಹುದು. ಟೆಂಟ್ ಹಾಕುವುದಾದರೆ ವಾಸದ ಮನೆಯಿಂದ 150 ಮೀಟರ್ ದೂರ ಇರಬೇಕು. ಬೆಳೆ ಇರುವ ಹೊಲಕ್ಕೆ ಈ ಹಕ್ಕಿಲ್ಲ. ಹಳೆಯ ರೂಢಿಯನ್ನೇ ಕಾನೂನು ಬರೆದಿಟ್ಟಿತು. ಆದರೆ ಬರೆದಿಟ್ಟ ಸಮಯ ಮುಖ್ಯ. ಯುದ್ಧಾನಂತರ ಕಾರು, ರಜೆ, ಸ್ವಂತ ಬೇಸಿಗೆ ಮನೆ, ವಿದ್ಯುತ್ ಯೋಜನೆ ಎಲ್ಲ ಒಟ್ಟಿಗೆ ಏರುತ್ತಿದ್ದ ಹೊತ್ತಿನಲ್ಲಿ ರೂಢಿಯನ್ನು ಬಾಯಿಮಾತಿಗೆ ಬಿಟ್ಟಿದ್ದರೆ ಬೇಲಿಗಳು ಎದ್ದುಬಿಡುತ್ತಿದ್ದವು.

ಯುದ್ಧದ ಮಾತು ಬಂತು. ಜರ್ಮನಿ ನಾರ್ವೆಯನ್ನು ಆಕ್ರಮಿಸಿದ್ದಾಗ ವೆಮೊರ್ಕ್‌ನಲ್ಲಿ ಭಾರಜಲ ತಯಾರಾಗುತ್ತಿತ್ತು. ಅದು ಜರ್ಮನಿಯ ಅಣು ಸಂಶೋಧನೆಗೆ ಹೋಗದಂತೆ ತಡೆಯಲು 1942ರ ಅಕ್ಟೋಬರ್‌ನಲ್ಲಿ ನಾರ್ವೆಯ ನಾಲ್ವರು ಯುವಕರು ಪ್ಯಾರಾಚೂಟ್‌ನಲ್ಲಿ ಇಳಿದು ಹರ್ಡಾಂಗರ್‌ವಿಡ್ಡಾದ ಬೇಟೆ ಗುಡಿಸಲುಗಳಲ್ಲಿ ಚಳಿಗಾಲ ಕಳೆದರು. ಆಹಾರ ಮುಗಿದಾಗ ಕಲ್ಲುಹೂ ತಿಂದರು. ಕ್ರಿಸ್‌ಮಸ್ ಹೊತ್ತಿಗೆ ಹಿಮಸಾರಂಗವೊಂದು ಬೇಟೆಗೆ ಸಿಕ್ಕಿ ಬದುಕಿದರು. 1943ರ ಫೆಬ್ರವರಿಯಲ್ಲಿ ಇಳಿದ ಎರಡನೇ ತಂಡ ಹಿಮಬಿರುಗಾಳಿಗೆ ಸಿಕ್ಕಿ ಸ್ಕ್ರಿಕೆನ್ ಸರೋವರದ ಬಳಿಯ ಒಂದು ಖಾಸಗಿ ಮನೆಯ ಬಾಗಿಲು ಒಡೆದು ಒಳಹೊಕ್ಕಿತು. ಕೆಲವೇ ದಿನಗಳಲ್ಲಿ ಭಾರಜಲದ ಘಟಕ ಸ್ಫೋಟಗೊಂಡಿತು. ಈ ಕಥೆಯನ್ನು ಸಾಹಸವಾಗಿ ಹೇಳುವವರು ಬಹಳ ಜನ. ನನ್ನ ಕಣ್ಣಿಗೆ ಬಿದ್ದಿದ್ದು ಆ ಬಾಗಿಲು. ಆ ಎತ್ತರದಲ್ಲಿ ಬಿರುಗಾಳಿ ಎದ್ದರೆ ನಾಲ್ಕು ಗೋಡೆ ಇರುವುದು, ಇಲ್ಲದಿರುವುದು ಪ್ರಾಣದ ಪ್ರಶ್ನೆ.

ಅದು ಶಾಂತಿಕಾಲಕ್ಕೂ ಅನ್ವಯಿಸುತ್ತದೆ. 1967ರ ಈಸ್ಟರ್ ರಜೆಯಲ್ಲಿ ಬೆಟ್ಟಕ್ಕೆ ಹೋದ 18 ಮಂದಿ ಸತ್ತರು. ಅದಾದ ಮೇಲೆ ಸಂಘವೂ ರೆಡ್‌ಕ್ರಾಸ್‌ನವರೂ ಬೆಟ್ಟದ ನಿಯಮಗಳನ್ನು ದೊಡ್ಡದಾಗಿ ಸಾರಿದರು. ಹೋಗುವ ದಾರಿ ಯಾರಿಗಾದರೂ ಹೇಳಿ ಹೋಗಿ, ಹವಾಮಾನ ನೋಡಿ, ಮ್ಯಾಪ್ ಓದಲು ಕಲಿಯಿರಿ, ಸಮಯ ಇರುವಾಗಲೇ ತಿರುಗಿ ಬನ್ನಿ, ತಿರುಗುವುದರಲ್ಲಿ ನಾಚಿಕೆಯಿಲ್ಲ. 2016ರಲ್ಲಿ ಅವನ್ನು ಮತ್ತೆ ತಿದ್ದಿ ಬರೆದಿದ್ದಾರೆ. ನಾರ್ವೆಯ ಮಕ್ಕಳಿಗೂ ಇವು ಗೊತ್ತು.

ಹಾಗಾಗಿ ಇಂದು ಯೋಜನೆ ಹಾಕುವವರು ಶಿಖರದ ಫೋಟೋದಿಂದ ಶುರು ಮಾಡಬಾರದು. ಹೆಚ್ಚಿನ ತಂಗುಮನೆಗಳಲ್ಲಿ ಸಿಬ್ಬಂದಿ ಇರುವುದು ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಎತ್ತರದ ಕಣಿವೆದಾರಿಗಳಲ್ಲಿ ಜುಲೈನಲ್ಲೂ ಹಿಮ ಇರುತ್ತದೆ. ಎಷ್ಟೋ ಸೇತುವೆಗಳನ್ನು ಬೇಸಿಗೆಗೆ ಇಟ್ಟು ಚಳಿಗಾಲಕ್ಕೆ ತೆಗೆಯುತ್ತಾರೆ. ಇನ್ನೂ ಇಟ್ಟಿಲ್ಲದಿದ್ದರೆ ಮುಂದಿನ ಮನೆ ಮ್ಯಾಪ್‌ನಲ್ಲಿ ಎರಡು ಬೆರಳ ದೂರದಲ್ಲಿದ್ದರೂ ಹೊಳೆ ದಾಟಲಾಗುವುದಿಲ್ಲ. ಕಿಲೋಮೀಟರ್‌ಗಿಂತ ಗಂಟೆ ಲೆಕ್ಕ ಹಾಕಬೇಕು. ಮೆಮುರುಬುವಿನಿಂದ ಬೆಸ್ಸೆಗ್ಗೆನ್ ಏಣು ದಾಟಿ ಯೆಂಡೆಸ್‌ಹೈಮ್‌ಗೆ ಸುಮಾರು 14 ಕಿ.ಮೀ. ಮಾತ್ರ, ಆದರೆ ಕಲ್ಲುಬಂಡೆ ಹತ್ತಿ ಇಳಿದು ಅದಕ್ಕೆ ಇಡೀ ದಿನ ಬೇಕು. ಕಾಯ್ದಿರಿಸದೆ ಸಿಬ್ಬಂದಿ ಇರುವ ಮನೆಗೆ ತಡವಾಗಿ ಬಂದರೂ ಹೊರಗೆ ಕಳಿಸುವುದಿಲ್ಲ, ನೆಲದ ಮೇಲಾದರೂ ಹಾಸಿಗೆ ಹಾಕುತ್ತಾರೆ. ಸಿಬ್ಬಂದಿ ಇಲ್ಲದ ಮನೆಯಿಂದ ಹೊರಡುವಾಗ ಸೌದೆ ಸೀಳಿ ಒಳಗಿಟ್ಟು, ಬೂದಿ ತೆಗೆದು, ನೆಲ ಗುಡಿಸಿ, ಬಾಗಿಲು ಸರಿಯಾಗಿ ಹಾಕಬೇಕು. ಮುಂದೆ ಬರುವವನು ಒದ್ದೆಯಾಗಿ, ಕತ್ತಲಲ್ಲಿ, ಬೆಂಕಿಕಡ್ಡಿ ಹಿಡಿಯಲಾರದ ಬೆರಳುಗಳೊಂದಿಗೆ ಬರಬಹುದು.

20 ಸಾವಿರ ಕಿ.ಮೀ.ಗೂ ಹೆಚ್ಚು ಬೇಸಿಗೆ ದಾರಿಗಳಲ್ಲಿ ಕಲ್ಲಿನ ಮೇಲೆ ಕೆಂಪು ಬಣ್ಣದ "ಟಿ" ಅಕ್ಷರ ಬರೆದಿರುತ್ತದೆ. ಬಹುಪಾಲು ಅದನ್ನು ಬರೆಯುವವರು ಸ್ವಯಂಸೇವಕರು. ಸಂಬಳವಿಲ್ಲದೆ ಸೇರಿ ಮಾಡುವ ಇಂಥ ಕೆಲಸಕ್ಕೆ ನಾರ್ವೆಯಲ್ಲಿ ದುಗ್ನಾದ್ ಎನ್ನುತ್ತಾರೆ. ನಮ್ಮ ಕಡೆಯ ಮುಯ್ಯಾಳು ಪದ್ಧತಿ ಗೊತ್ತಿದ್ದವರಿಗೆ ಇದರ ಹುರುಳು ತಿಳಿಯುತ್ತದೆ, ಒಂದೇ ವ್ಯತ್ಯಾಸವೆಂದರೆ ಇಲ್ಲಿ ಮುಯ್ಯಿ ತೀರಿಸುವುದು ಗುರುತು ಪರಿಚಯ ಇಲ್ಲದವರಿಗೆ.

ಈಗ ಆ ಕೆಂಪು ಅಕ್ಷರಗಳೇ ತಕರಾರಿನ ವಿಷಯ. ಯುರೋಪಿನ ಕಾಡು ಬೆಟ್ಟದ ಹಿಮಸಾರಂಗಗಳಿಗೆ ದಕ್ಷಿಣ ನಾರ್ವೆ ಕೊನೆಯ ದೊಡ್ಡ ನೆಲೆ. ಅವು ಮನುಷ್ಯರನ್ನು ಕಂಡರೆ ದೂರ ಸರಿಯುತ್ತವೆ. ರಸ್ತೆ, ರೈಲು, ಜಲಾಶಯ, ಬೇಸಿಗೆ ಮನೆಗಳ ಜೊತೆಗೆ ಜನ ತುಂಬಿದ ನಡಿಗೆ ದಾರಿಯೂ ಅವುಗಳಿಗೆ ಬೇಲಿಯೇ. 2022ರಲ್ಲಿ ಹತ್ತು ರಾಷ್ಟ್ರೀಯ ಹಿಮಸಾರಂಗ ವಲಯಗಳನ್ನು ಪರಿಶೀಲಿಸಿದಾಗ ಒಂದಕ್ಕೂ "ಉತ್ತಮ" ಎಂಬ ದರ್ಜೆ ಸಿಗಲಿಲ್ಲ. ನೂರು ವರ್ಷ ಜನರನ್ನು ಬೆಟ್ಟಕ್ಕೆ ಕರೆತಂದ ಸಂಘ ಈಗ ಕೆಲವು ದಾರಿಗಳನ್ನು ಬೇರೆಡೆಗೆ ತಿರುಗಿಸಿದೆ, ಕೆಲವು ಕಡೆ ಗುರುತುಗಳನ್ನೇ ತೆಗೆದಿದೆ. ಸಾರಂಗಗಳು ಮರಿ ಹಾಕುವ ಮೇ, ಜೂನ್ ವಾರಗಳಲ್ಲಿ ಅಂಥ ವಲಯಗಳ ಹಲವು ತಂಗುಮನೆಗಳು ಮುಚ್ಚಿರುತ್ತವೆ. ಕಪಾಟಿನಲ್ಲಿ ಡಬ್ಬಿಗಳಿವೆ, ಮೂಲೆಯಲ್ಲಿ ಸೌದೆಯಿದೆ, ನಿಮ್ಮ ಜೇಬಿನಲ್ಲಿ ಕೀ ಇದೆ. ಆದರೂ ಆ ವಾರಗಳ ಮಟ್ಟಿಗೆ ನಿಮ್ಮ ಮ್ಯಾಪ್‌ನಲ್ಲಿ ಆ ಮನೆ ಇಲ್ಲವೆಂದೇ ಲೆಕ್ಕ ಹಾಕಿ ದಾರಿ ಹುಡುಕಬೇಕು.