ಚೀಟಿ ಕಳೆದ ಬಟ್ಟಲು

ನನ್ನ ಕಪಾಟಿನಲ್ಲಿ ಅಂಗೈಯಗಲದ ಒಂದು ಗಾಜಿನ ಬಟ್ಟಲಿದೆ. ಹೊರಗೆ ತಿಳಿ ಗಾಜು, ಒಳಗೆ ಜೇನುಬಣ್ಣ, ನಡುವೆ ಸಾಲುಸಾಲು ಗುಳ್ಳೆಗಳು. ವೆನಿಸ್ಸಿಗೆ ಹೋಗಿದ್ದಾಗ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಕೊಂಡದ್ದು. ಯಾರು ಮಾಡಿದ್ದೆಂದು ಕೇಳಿದೆ. ಅಂಗಡಿಯಾಕೆ ‘ಮುರಾನೊ’ ಎಂದಷ್ಟೇ ಹೇಳಿದರು. ನಾನು ಕೇಳಿದ್ದು ಮನುಷ್ಯನ ಹೆಸರು, ಸಿಕ್ಕಿದ್ದು ಊರಿನ ಹೆಸರು.

1291ರಲ್ಲಿ ವೆನಿಸ್ ಗಣರಾಜ್ಯ ಗಾಜಿನ ಕುಲುಮೆಗಳನ್ನು ನಗರದಿಂದ ಪಕ್ಕದ ಮುರಾನೊ ದ್ವೀಪಕ್ಕೆ ಸಾಗಹಾಕಿತು. ಬೆಂಕಿಯ ಭಯ ಕಾರಣವೆನ್ನುತ್ತಾರೆ. ಕಸಬಿನ ಗುಟ್ಟು ಕಾಯುವುದಕ್ಕೂ ದ್ವೀಪ ಅನುಕೂಲವೇ ಆಯಿತು. ಗಾಜುಗಾರರು ಪರದೇಶಕ್ಕೆ ಹೋಗಿ ಕಸಬು ನಡೆಸುವಂತಿರಲಿಲ್ಲ.

ಸಂಗ್ರಹಕಾರರು ಮುಗಿಬೀಳುವುದು ಮಾತ್ರ ಇಪ್ಪತ್ತನೆಯ ಶತಮಾನದ ಗಾಜಿಗೆ. 1921ರಲ್ಲಿ ಮಿಲಾನಿನ ವಕೀಲ ಪಾವೊಲೊ ವೆನಿನಿ, ಹಳೆ ವಸ್ತುಗಳ ವ್ಯಾಪಾರಿ ಜಾಕೊಮೊ ಕಪ್ಪೆಲ್ಲಿನ್ ಜೊತೆಗೂಡಿ ಕಾರ್ಖಾನೆ ತೆರೆದ. 1932ರಿಂದ 1947ರವರೆಗೆ ವಾಸ್ತುಶಿಲ್ಪಿ ಕಾರ್ಲೊ ಸ್ಕಾರ್ಪಾ ವೆನಿನಿ ಸಂಸ್ಥೆಗೆ ವಿನ್ಯಾಸ ಮಾಡಿದ. ವೆನಿನಿಯ ಬಟ್ಟಲುಗಳ ತಳದಲ್ಲಿ ಹೆಸರನ್ನು ಆಮ್ಲದಿಂದ ಅಚ್ಚೊತ್ತುತ್ತಿದ್ದರು. ಅನೇಕ ಕುಲುಮೆಗಳು ಅಂಟಿಸುತ್ತಿದ್ದದ್ದು ಬರೀ ಕಾಗದದ ಚೀಟಿ. ಎರಡನೆಯ ಮಹಾಯುದ್ಧದ ನಂತರ ಪ್ರವಾಸಿಗರ ಕೈಚೀಲದಲ್ಲಿ ಇಂಥ ಬಟ್ಟಲುಗಳು ಊರೂರಿಗೆ ಹೋದವು. ನಾಲ್ಕು ಸಲ ತೊಳೆದರೆ ಚೀಟಿ ಹೋಯಿತು, ಚೀಟಿಯೊಡನೆ ಹೆಸರೂ.

ಹಾಗಾಗಿ ಗಾಜನ್ನೇ ಓದಬೇಕು. ಗುಳ್ಳೆಯ ಕೆಲಸಕ್ಕೆ ಅಲ್ಲಿ ‘ಬುಲ್ಲಿಕಾಂತೆ’ ಎನ್ನುತ್ತಾರೆ. ಕಾದ ಗಾಜಿನ ಮುದ್ದೆಯನ್ನು ಒಳಮೈಯಲ್ಲಿ ಮುಳ್ಳುಗಳಿರುವ ಅಚ್ಚಿಗೆ ಒತ್ತಿದರೆ ಮೈತುಂಬ ಗುಳಿ ಬೀಳುತ್ತದೆ. ಕೂಡಲೇ ಅದನ್ನು ಕರಗಿದ ಗಾಜಿನಲ್ಲಿ ಮತ್ತೆ ಅದ್ದುತ್ತಾರೆ. ಒಂದೊಂದು ಗುಳಿಯಲ್ಲೂ ಗಾಳಿ ಸಿಕ್ಕಿಕೊಂಡು ಗುಳ್ಳೆಯಾಗುತ್ತದೆ. ಕೊನೆಗೆ ತಳಕ್ಕೆ ಅಂಟಿಸಿದ ಕಬ್ಬಿಣದ ಸರಳನ್ನು ಮುರಿದು ತೆಗೆದು ಆ ಗಾಯವನ್ನು ಉಜ್ಜಿ ನುಣುಪು ಮಾಡುತ್ತಾರೆ. ನನ್ನ ಬಟ್ಟಲಿನ ತಳದಲ್ಲಿ ಆ ನುಣುಪಿದೆ, ವರ್ಷಗಟ್ಟಲೆ ಮೇಜಿನ ಮೇಲೆ ಸರಿದಾಡಿದ ಸಣ್ಣ ಗೀರುಗಳೂ ಇವೆ. ಆದರೆ ಇದೇ ರೀತಿಯಲ್ಲಿ ಬೇರೆ ದೇಶಗಳಲ್ಲೂ ಮಾಡಿದ್ದಾರೆ. 1994ರಲ್ಲಿ ವೆನೆತೊ ಪ್ರಾಂತ್ಯ ಮುರಾನೊ ಗಾಜಿಗೊಂದು ಅಧಿಕೃತ ಗುರುತು ತಂದಿತಂತೂ ನಿಜ. ಅದಕ್ಕೂ ಮೊದಲೇ ಮನೆ ಬಿಟ್ಟು ಹೋದವಕ್ಕೆ ಅದರಿಂದ ಏನು ಬಂತು?

ಪರಿಚಿತ ಸಂಗ್ರಹಕಾರರೊಬ್ಬರು ತಿರುಗಿಸಿ ನೋಡಿ, ‘ದೊಡ್ಡ ಮನೆತನದ್ದೊಂದು ಹೆಸರು ಬರೆದು ಮಾರಿಬಿಡಿ, ಬೆಲೆಯೇ ಬೇರೆ’ ಎಂದರು. ಆಸೆಯಾಗಲಿಲ್ಲವೆಂದರೆ ಸುಳ್ಳು. ಆದರೆ ಹೆಸರಿರುವ ಬಟ್ಟಲುಗಳಲ್ಲಾದರೂ ಇರುವುದು ಯಾರ ಹೆಸರು? ಕಾರ್ಖಾನೆಯದು, ಹೆಚ್ಚೆಂದರೆ ನಕ್ಷೆ ಬರೆದವನದು. ಕುಲುಮೆಯ ಮುಂದೆ ಬೆವರಿ ಊದುಕೊಳವೆ ತಿರುಗಿಸಿದ ಮೇಸ್ತ್ರಿಯದು ಅಪರೂಪ.

ಅಂಚಿನ ಹತ್ತಿರ ಒಂದು ಗುಳ್ಳೆ ಸಾಲು ತಪ್ಪಿ ಪಕ್ಕದ್ದಕ್ಕೆ ತಾಗಿಕೊಂಡಿದೆ. ನನ್ನ ಪಟ್ಟಿಯಲ್ಲಿ ಅದನ್ನು ದಾಖಲಿಸಿದ್ದೇನೆ. ಮಾಡಿದವರು ಎಂಬಲ್ಲಿ ಬರೆದಿರುವುದು ಇಷ್ಟೇ: ಮುರಾನೊ, ಬಹುಶಃ.